ಡೆಲಿಷಸ್ ಎಲ್ಲಿಂದ ಬಂತು

ಡೆಲಿಷಸ್ ಎಂಬ ಇಂಗ್ಲಿಷ್ ಪದ ಬರುವ ನಿಮ್ಮ ಲೇಖನ ಇಷ್ಟವಾಯ್ತು ಸರ್. ಆದರೆ ಡೆಲಿಷಸ್ ಅಂದರೆ ರುಚಿಕರ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ, ಆ ಪದಕ್ಕೆ ಇನ್ನೂ ಸ್ವಲ್ಪ ಜಾಗ ಕೊಡಬೇಕಿತ್ತು. ಲ್ಯಾಟಿನ್ನಿನಲ್ಲಿ ಲಾಕೆರೆ ಅಂದರೆ ಆಸೆ ತೋರಿಸಿ ಸೆಳೆಯುವುದು. ಅದರ ಮೊದಲಿಗೆ ಡೆ ಸೇರಿ ಡೆಲಿಕೆರೆ ಆಯಿತು, ಆಮೇಲೆ ಸುಖ, ಮುದ ಎಂಬ ಅರ್ಥದ ಪದಗಳು ಹುಟ್ಟಿದವು, ಅವುಗಳಲ್ಲೊಂದು ಹಳೆಯ ಫ್ರೆಂಚ್ ದಾಟಿ 1300ರ ಸುಮಾರಿಗೆ ಡೆಲಿಷಸ್ ಆಗಿ ಇಂಗ್ಲಿಷಿಗೆ ಬಂದು ಸೇರಿತು. ಆಗ ಅದು ಬರೀ ಊಟದ ಮಾತಲ್ಲ. ಮನಸ್ಸಿಗೆ ಹಿತವಾದ ಯಾವುದನ್ನೂ ಡೆಲಿಷಸ್ ಅನ್ನಬಹುದಿತ್ತು.

ಆನಂದ ಎಂಬ ಅರ್ಥದ ಡಿಲೈಟ್ ಕೂಡ ಇದೇ ಬೇರಿನದು. ಅದರ ಮಧ್ಯದ ಜಿ, ಎಚ್ ಅಕ್ಷರಗಳಿಗೂ ಬೆಳಕು ಎಂಬ ಅರ್ಥದ ಲೈಟ್‌ಗೂ ನಿಜವಾದ ನಂಟಿಲ್ಲ. 16ನೇ ಶತಮಾನದಲ್ಲಿ ಅದನ್ನು ನೋಡಿ ಇಲ್ಲೂ ಸುಮ್ನೆ ಸೇರಿಸಿದರು. ಸ್ಪೆಲ್ಲಿಂಗ್ ಬಾಯಿಪಾಠ ಮಾಡುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು, ಅಲ್ವಾ?

ಇನ್ನು ಡೆಲಿಷಸ್ ಹೆಸರಿನ ಸೇಬು. ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹಿಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಬೆಳೆದ ಗಿಡಕ್ಕೆ ಆತ ಹಾಕ್‌ಐ ಎಂದು ಹೆಸರಿಟ್ಟಿದ್ದ. ಅದನ್ನು ಕೊಂಡ ಸ್ಟಾರ್ಕ್ ನರ್ಸರಿಯವರು ಹೆಸರನ್ನೇ ಡೆಲಿಷಸ್ ಎಂದು ಬದಲಿಸಿದರು. ಮುಂದೆ ಗೋಲ್ಡನ್ ಡೆಲಿಷಸ್ ಬಂದಾಗ ಮೊದಲಿನದು ರೆಡ್ ಡೆಲಿಷಸ್ ಆಯಿತು. ಇದನ್ನು ಸುಮಾರು ನೂರು ವರ್ಷದ ಹಿಂದೆ ಹಿಮಾಚಲದ ಕೋಟ್‌ಗಢಕ್ಕೆ ತಂದು ಬೆಳೆಸಿದವರು ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್. ನಮ್ಮ ಮಾರ್ಕೆಟ್‌ಗೆ ಬರುವ ಹಿಮಾಚಲದ ಸೇಬಿನಲ್ಲಿ ಈಗಲೂ ಈ ಜಾತಿಯದೇ ಜಾಸ್ತಿ. ಬಣ್ಣ ಕಡುಗೆಂಪಾಗಲಿ ಎಂದು ಆರಿಸಿ ಆರಿಸಿ ಬೆಳೆಸಿದ್ದರಿಂದ ಅಮೆರಿಕದಲ್ಲಿ ಅದರ ರುಚಿ ಕೆಟ್ಟಿತು ಅನ್ನುವವರೂ ಬಹಳ ಜನ ಇದ್ದಾರೆ.