ಚಾರ್ಮಾಡಿ ಇಳಿಯುವ ಮುಂಚೆ ಹಿಂದಿನ ಟೈರ್ ನೋಡಿ

ಮಳೆ ಹಿಡಿಯಿತು. ಇನ್ನು ಚಾರ್ಮಾಡಿ, ಆಗುಂಬೆ ಕಡೆ ಬೈಕುಗಳ ಸಾಲು ಶುರುವಾಗುತ್ತದೆ. ಹೊರಡುವ ಮುಂಚೆ ಮಕ್ಕಳ ಸ್ಕೇಲ್ ತಂದು ಹಿಂದಿನ ಟೈರ್ ಮೇಲೆ ಅಡ್ಡ ಇಟ್ಟು ನೋಡಿ. ಒಳ್ಳೆ ಟೈರ್ ಗುಂಡಗಿರುತ್ತದೆ, ಸ್ಕೇಲ್ ನಡುವೆ ಮಾತ್ರ ತಾಗುತ್ತದೆ. ಎರಡು ಮೂರು ಬೆರಳಗಲ ಚಪ್ಪಟೆಯಾಗಿ ಕೂತರೆ ಆ ಟೈರ್ ಘಾಟಿಗೆ ಬೇಡ.

ಇದನ್ನು ನಾನು ಕಲಿತದ್ದು ಎರಡು ವರ್ಷದ ಹಿಂದೆ, ಜುಲೈನಲ್ಲಿ. ನನ್ನ ಹಿಮಾಲಯನ್ ಬೈಕಿನ ಹಿಂದಿನ ಟೈರ್ ಸುಮಾರು 11,000 ಕಿ.ಮೀ. ಓಡಿತ್ತು. ಹೆಚ್ಚಿನದೆಲ್ಲ ಬೆಂಗಳೂರು-ಹುಬ್ಬಳ್ಳಿ ಹೈವೇ. ನೇರ ರಸ್ತೆಯಲ್ಲಿ ಸವೆಯುವುದು ನಡುಭಾಗ ಮಾತ್ರ ಅಲ್ವಾ? ಎಂಜಿನ್ ಎಳೆತ, ಲಗೇಜು, ಹಿಂದೆ ಕೂತವರ ಭಾರ ಎಲ್ಲ ಹಿಂದಿನ ಚಕ್ರದ ಮೇಲೇ. ಪಕ್ಕದ ಗ್ರಿಪ್ ಮಾತ್ರ ಹೊಸದರ ಹಾಗೇ ಇತ್ತು. ಅದನ್ನು ನೋಡಿ ಇನ್ನೊಂದು ಟ್ರಿಪ್ ಆಗುತ್ತೆ ಅಂದುಕೊಂಡೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರುಮಾಡಿದೆವು. ಒಂದು ತಿರುವಿನಲ್ಲಿ ಬೈಕ್ ವಾಲಿಸಿದೆ. ಮೊದಲು ವಾಲಲೇ ಇಲ್ಲ. ಚಪ್ಪಟೆ ಭಾಗದ ಅಂಚು ದಾಟಿದ ಕೂಡಲೇ ದಡಕ್ಕನೆ ಬಿದ್ದ ಹಾಗೆ ವಾಲಿತು. ಗಾಬರಿಯಲ್ಲಿ ಹಿಂದಿನ ಬ್ರೇಕ್ ಒತ್ತಿದೆ. ಚಕ್ರ ಅರ್ಧ ಅಡಿ ಪಕ್ಕಕ್ಕೆ ಜಾರಿತು. ನಿಧಾನ ಹೋಗುತ್ತಿದ್ದೆವು, ಬೀಳಲಿಲ್ಲ. ಹಿಂದೆ ಹೆಂಡತಿ ಕೂತಿದ್ದಳು. ತಡೆಗೋಡೆ ಪಕ್ಕ ನಿಲ್ಲಿಸಿ ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಟೈರ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಬರುತ್ತೆ?" ಅಂತ. ನಾನೂ ಅದನ್ನೇ ಕೇಳುತ್ತಿದ್ದೆ. ರಬ್ಬರ್ ಗಟ್ಟಿ ಇದ್ದಷ್ಟು ಬಾಳಿಕೆ ಜಾಸ್ತಿ, ಆದರೆ ಒದ್ದೆ ಡಾಂಬರಿನ ಮೇಲೆ ಹಿಡಿತ ಕಡಿಮೆ. ಎರಡು ಸಾವಿರ ಕಿಲೋಮೀಟರ್ ಕಡಿಮೆ ಬಂದರೂ ಪರವಾಗಿಲ್ಲ, ನನಗೆ ಹಿಡಿತ ಬೇಕು. ದಪ್ಪ ದಪ್ಪ ರಬ್ಬರ್ ತುಂಡುಗಳು ಎದ್ದಿರುವ ಆಫ್‌ರೋಡ್ ಟೈರ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಕೆಸರಿನಲ್ಲಿ ಅದೇ ಸರಿ. ಆದರೆ ನಾವು ಓಡಿಸುವುದು ಹೆಚ್ಚಾಗಿ ಡಾಂಬರು. ಆ ತುಂಡುಗಳ ನಡುವೆ ಅಷ್ಟು ಜಾಗ ಬಿಟ್ಟರೆ ರಸ್ತೆಗೆ ತಾಗುವ ರಬ್ಬರೇ ಕಡಿಮೆ. ಸುಮ್ನೆ ಶೋಕಿಗೆ ಹಾಕಿಸಬೇಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1419 ಅಂದರೆ 2019ರ 14ನೇ ವಾರ ತಯಾರಾದದ್ದು. ಅಂಗಡಿಯೊಂದರಲ್ಲಿ 2022ರ ಕೊನೆಗೆ ನನಗೆ "ಹೊಸ ಸ್ಟಾಕ್ ಸಾರ್" ಎಂದು ಕೊಟ್ಟದ್ದು ಅದನ್ನೇ. ಓಡದೆ ಕೂತಿದ್ದರೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ವಾಪಸ್ ಕೊಟ್ಟು ಬಂದೆ. ಸೈಜ್ ಪಕ್ಕದ ಸಂಖ್ಯೆಯನ್ನೂ ಓದಿ. 66 ಇದ್ದರೆ ಆ ಟೈರ್ 300 ಕೆ.ಜಿ. ಹೊರುತ್ತದೆ. ಪಕ್ಕದ ಅಕ್ಷರ ವೇಗದ್ದು, P ಅಂದರೆ ಗಂಟೆಗೆ 150 ಕಿ.ಮೀ. ತನಕ. ಬೈಕ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದ್ದು ಬೇಡ.

ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗಲೇ ನೋಡಿಸಿ. ಓಡಿದ ಮೇಲೆ ಗಾಳಿ ಬಿಸಿಯಾಗಿ ಅಳತೆ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಹೊರಗೆ ಬಿಟ್ಟರೆ, ತಣ್ಣಗಾದ ಮೇಲೆ ಗಾಳಿ ಕಡಿಮೆಯಾಗಿ ಕೆಟ್ಟಿರಿ.

ಹೋದ ವಾರ ಹೊಸ ಟೈರ್ ಹಾಕಿಸಿದೆ. ಮೇಲಿನ ನುಣುಪು ಹೋಗಲಿ ಎಂದು ಮೊದಲ 150 ಕಿ.ಮೀ. ತುಮಕೂರು ಕಡೆ ನಿಧಾನವಾಗಿ ಓಡಿಸಿ ಬಂದೆ. ಜುಲೈನಲ್ಲಿ ಮತ್ತೆ ಚಾರ್ಮಾಡಿ. ಹೆಂಡತಿಯೂ ಬರುತ್ತಿದ್ದಾಳೆ. ಈ ಸಲ ಸ್ಕೇಲ್ ಇಟ್ಟು ನೋಡಿದ್ದು ಅವಳೇ.