ಸ್ವೆಟರ್ ಒಳಗಿನ ಹೊಸ ಅಂಗಿ

ಹೊಸ ಬಟ್ಟೆ ತೊಟ್ಟರೆ ನಾಲ್ಕು ಜನ ನೋಡಬೇಕು. ಬೀದರಿನ ಕ್ರಿಸ್ಮಸ್‌ನಲ್ಲಿ ಆ ಭಾಗ್ಯ ಸುಲಭವಾಗಿ ಸಿಗುವುದಿಲ್ಲ. ರಾಜ್ಯದ ಕನಿಷ್ಠ ತಾಪಮಾನದ ಸುದ್ದಿಯಲ್ಲಿ ನಮ್ಮೂರಿನ ಹೆಸರು ಮೇಲಿಂದ ಮೇಲೆ ಬರುವ ಕಾಲ ಅದು. ದರ್ಜಿಯ ಅಂಗಡಿಗೆ ಅಲೆದು ಅಲೆದು ಹೊಲಿಸಿಕೊಂಡ ಅಂಗಿಯ ಮೇಲೆ ಹಳೆಯ ಸ್ವೆಟರ್ ಏರುತ್ತದೆ. ರೇಷ್ಮೆ ಸೀರೆಯನ್ನು ಶಾಲು ನುಂಗಿಹಾಕುತ್ತದೆ. ಹೊರಗೆ ಕಾಣುವುದು ಕಾಲರ್ ಒಂದೇ.

ನಮ್ಮ ಸಭೆಯಲ್ಲಿ ಜಮಖಾನೆಯ ಮೇಲೆ ಕುಳಿತುಕೊಳ್ಳುವ ರೂಢಿ. ಗಂಡಸರು ಒಂದು ಬದಿ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಇನ್ನೊಂದು ಬದಿ. ಹಾರ್ಮೋನಿಯಂ, ತಬಲಾ ಜೊತೆಗೂಡಿ ಮೊದಲ ಹಾಡು ಕನ್ನಡದಲ್ಲಿ, ಎರಡನೆಯದು ತೆಲುಗಿನಲ್ಲಿ, ಹಿರಿಯರ ಒತ್ತಾಯಕ್ಕೆ ಒಂದು ಮರಾಠಿಯಲ್ಲಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರು, ಒಂದೇ ಭಾಷೆಯಲ್ಲಿ ಹಾಡಿದರೆ ಹಬ್ಬ ಅರ್ಧವಾದಂತೆ. ಹಾಡು ಏರಿದಂತೆ ಮೈ ಬೆಚ್ಚಗಾಗುತ್ತದೆ. ಪಾಸ್ಟರ್ ಪ್ರಸಂಗದ ನಡುವಿಗೆ ಬರುವಷ್ಟರಲ್ಲಿ ಸ್ವೆಟರಿನ ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಂಡು, ಕಾಣಿಕೆ ಎತ್ತುವ ಹೊತ್ತಿಗೆ ಇಡೀ ಸಭೆ ಬಣ್ಣಬಣ್ಣವಾಗಿರುತ್ತದೆ. ಪ್ರಸಂಗ ಉದ್ದವಾಯಿತೆಂದು ಗೊಣಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಬೇಗ ಮುಗಿದಿದ್ದರೆ ಅವರ ಹೊಸ ಅಂಗಿಯನ್ನು ನೋಡುವವರು ಯಾರು?

ಹಿಂದಿನ ರಾತ್ರಿಯ ಮಕ್ಕಳ ನಾಟಕದಲ್ಲಿ ಈ ಚಳಿಯೇ ಪಾತ್ರ ಹಂಚುತ್ತದೆ. ಲೂಕನ ಸುವಾರ್ತೆಯ ಕುರುಬರು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರು. ಅದನ್ನು ನಮ್ಮ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಲದಲ್ಲಿ ಕುರಿ ತರುಬಿ, ಕರಿ ಕಂಬಳಿ ಹೊದ್ದು ಮಲಗುವವರನ್ನು ಅವರು ಕಂಡಿದ್ದಾರೆ. ಹೀಗಾಗಿ ಎಲ್ಲರಿಗೂ ಕುರುಬನ ಪಾತ್ರವೇ ಬೇಕು, ಕಂಬಳಿಯ ಆಸೆಗೆ. ದೇವದೂತನಾಗಲು ಯಾರೂ ಮುಂದೆ ಬರುವುದಿಲ್ಲ. ತೆಳ್ಳನೆಯ ಬಿಳಿ ಪಂಚೆಯಲ್ಲಿ, ರಟ್ಟಿನ ರೆಕ್ಕೆ ಕಟ್ಟಿಕೊಂಡು, ಹಲ್ಲು ಕಟಕಟಿಸುತ್ತಾ "ಹೆದರಬೇಡಿರಿ" ಎಂದು ದೂತ ಅಭಯ ಕೊಡುವಾಗ, ಬೆಚ್ಚಗೆ ಕುಳಿತ ಕುರುಬರಿಗೇ ಅವನ ಮೇಲೆ ಕನಿಕರ. ಕೂಸು ಯೇಸುವಿಗೆ ಕಾಣಿಕೆ ತರುವ ಜೋಯಿಸರ ಪಾತ್ರದವರಲ್ಲಿ ಒಬ್ಬ ಒಮ್ಮೆ ಧೂಪವನ್ನು ಬಿದ್ರಿ ಪಾನ್‌ದಾನ್‌ನಲ್ಲಿ ತಂದಿದ್ದ. ಬೀದರ ಕೋಟೆಯ ಮಣ್ಣಿನಿಂದ ಕಪ್ಪಾದ ಲೋಹ, ಅದರ ಮೇಲೆ ಬೆಳ್ಳಿಯ ಬಳ್ಳಿ. ಯಾರದೋ ಅಜ್ಜಿಯ ಅಡಕೆ ವಾಸನೆ ಅದರಲ್ಲಿ ಇನ್ನೂ ಇತ್ತಂತೆ. ಪೂರ್ವದೇಶದಿಂದ ಬಂದವರು ನಮ್ಮೂರಿನ ಮೇಲೆಯೇ ಹಾಯ್ದು ಹೋಗಿರಬೇಕು ಎಂದು ಆ ದಿನ ಎಲ್ಲರೂ ಒಪ್ಪಿಕೊಂಡರು.

ಕೇಕ್ ಬೇಕರಿಯಿಂದ ಬರುತ್ತದೆ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಮನೆಯಲ್ಲಿ ಕರಿಯುವುದು ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿ. ನಾವು ತಟ್ಟೆ ಕಳಿಸಿದರೆ, ಎಳ್ಳ ಅಮಾವಾಸ್ಯೆಗೆ ಪಕ್ಕದ ಮನೆಯಿಂದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬರುತ್ತವೆ. ಎರಡು ಹಬ್ಬಗಳೂ ಹಲವು ವರ್ಷ ಬೆನ್ನಿಗೆ ಬೆನ್ನು ಹಚ್ಚಿಕೊಂಡೇ ಬರುತ್ತವೆ. 2019ರಲ್ಲಂತೂ ಕ್ರಿಸ್ಮಸ್‌ನ ಮರುದಿನವೇ ಸೂರ್ಯಗ್ರಹಣ. ನಮ್ಮ ತಟ್ಟೆಯ ಮೇಲೆ ಪಕ್ಕದ ಮನೆಯ ಅಜ್ಜಿ ಗರಿಕೆ ಇಟ್ಟರು. ಗ್ರಹಣ ಬಿಡುವವರೆಗೆ ಮೊಮ್ಮಕ್ಕಳು ತಟ್ಟೆಯನ್ನು ಕಾವಲು ಕಾದರು.

ತಟ್ಟೆಗೆ ಸೇರುವುದು ಅಂದವಾದ ಕರ್ಚಿಕಾಯಿಗಳು ಮಾತ್ರ. ಎಣ್ಣೆಯಲ್ಲಿ ಬಾಯಿ ಬಿಟ್ಟವು ಮನೆಯವರ ಪಾಲು. ಒಳಗಿನ ಒಣಕೊಬ್ಬರಿ, ಗಸಗಸೆ, ಸಕ್ಕರೆ ಹೊರಗೆ ಇಣುಕಿ, ಅಂಚಿನಲ್ಲಿ ಕೆಂಪಗೆ ಕರಗಿ ಗಟ್ಟಿಯಾಗಿರುತ್ತವೆ. ಆರಾಧನೆ ಮುಗಿಸಿ ಬಂದು, ಮಾಳಿಗೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ಚಹಾದ ಜೊತೆ ಆ ಅಂಚನ್ನು ಮೊದಲು ಕಡಿಯುವುದು ನನ್ನ ಹಬ್ಬ. ಅಂಚು ಒತ್ತುವ ಕೆಲಸ ನನಗೆ ವಹಿಸಿದ ವರ್ಷಗಳಲ್ಲಿ ಬಾಯಿ ಬಿಡುವವು ಜಾಸ್ತಿ ಎಂದು ಅವ್ವನಿಗೆ ಗುಮಾನಿ. ಈ ಸಲ ಆ ಕೆಲಸವನ್ನು ತಂಗಿಗೆ ಕೊಟ್ಟಿದ್ದಾಳೆ. ತಂಗಿಯ ಜೊತೆ ಮಾತುಕತೆ ನಡೆದಿದೆ.