ಆಲ್ಟೋಗೆ ಅಲಂಕಾರ

ಹಳೇ ಆಲ್ಟೋ ಓಡಿಸಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಅಲಂಕಾರದ ಅಂಗಡಿಗಳಿಗೆ ಹೋಗುವವರ ಜೇಬಿನಲ್ಲಿ ಏನೇನು ಬೇಕೆಂಬ ಒಂದು ಚೀಟಿ ಇರಲೇಬೇಕು. ಇಲ್ಲದಿದ್ದರೆ ಪಾರ್ಕಿಂಗ್ ಹುಡುಕುವಷ್ಟರಲ್ಲೇ ಬೇರೆಯವರು ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತಾರೆ. ವಾಪಸ್ ಬರುವಾಗ ಲೈಟಿಗೆ ಕ್ರೋಮ್ ಹುಬ್ಬು, ಬಾಗಿಲಿಗೆ ಕ್ರೋಮ್ ಹಿಡಿ, ಪೆಟ್ರೋಲ್ ಮುಚ್ಚಳಕ್ಕೂ ಕ್ರೋಮ್ ಬಂದಿರುತ್ತದೆ. ಆರು ತಿಂಗಳು ಕಳೆದರೆ ಹುಬ್ಬಿನ ಅಡಿಯ ಟೇಪು ನೀರು ಹಿಡಿದು, ಅಂಚಿನಲ್ಲಿ ಕೊಳೆಯ ಗೆರೆ ಮೂಡುತ್ತದೆ. ಹಳೇ ಕಾರು ಹೊಸದಾಗಿ ಕಾಣಬೇಕಾದರೆ ಅಂಟಿಸುವುದಕ್ಕಿಂತ ಕೀಳುವುದು ಮೇಲು. ಖರ್ಚೂ ಇಲ್ಲ.

ಹಿಂಬದಿಯ ಬ್ಯಾಡ್ಜ್‌ನಿಂದಲೇ ಶುರು ಮಾಡಿ. ಹೇರ್ ಡ್ರೈಯರ್‌ನಲ್ಲಿ ಅರ್ಧ ನಿಮಿಷ ಬಿಸಿ ಮಾಡಿ, ಹಲ್ಲು ಶುಚಿ ಮಾಡುವ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆದರೆ ಕಳಚಿಕೊಳ್ಳುತ್ತದೆ. ಉಳಿದ ಅಂಟಿಗೆ ನೀಲಗಿರಿ ಎಣ್ಣೆ ಸಾಕು. ಆದರೆ ಅಷ್ಟು ವರ್ಷ ಬಿಸಿಲು ಕಾಣದ ಜಾಗದಲ್ಲಿ ‘ಎಲ್‌ಎಕ್ಸ್‌ಐ’ ಅನ್ನೋ ಮಾದರಿ ಹೆಸರಿನ ಅಕ್ಷರಗಳು ನೆರಳಾಗಿ ಉಳಿದಿರುತ್ತವೆ. ಸುತ್ತ ಪಾಲಿಶಿಂಗ್ ಕಾಂಪೌಂಡ್ ಉಜ್ಜಿದರೆ ಮಾಸುತ್ತವೆ, ಪೂರ್ತಿ ಹೋಗುವುದಿಲ್ಲ. ಕಾರಿಗೆ ತನ್ನ ಜಾತಕ ಮರೆಯುವುದು ಕಷ್ಟ.

ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವುದು ಹೆಡ್‌ಲೈಟು. ಬೆರಳಲ್ಲಿ ತಟ್ಟಿ ನೋಡಿ: ‘ಟಿಣ್’ ಅಂದರೆ ಗಾಜು, ಉಪ್ಪುಕಾಗದ ದೂರ ಇಡಿ. ‘ಟಪ್’ ಅಂದರೆ ಪ್ಲಾಸ್ಟಿಕ್. ಅದರ ಮೇಲಿನ ರಕ್ಷಣಾ ಪದರ ಬಿಸಿಲಿಗೆ ಸತ್ತಿರುವುದರಿಂದ ಹಳದಿ ಹಿಡಿದಿದೆ. ಸುತ್ತಲ ಪೇಂಟಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. 800, 1000, 1500, 2000 ನಂಬರಿನ ಉಪ್ಪುಕಾಗದಗಳನ್ನು ಈ ಕ್ರಮದಲ್ಲೇ ನೀರು ಹಾಕುತ್ತಾ ಉಜ್ಜಬೇಕು. ಒಂದರಲ್ಲಿ ಅಡ್ಡ, ಮುಂದಿನದರಲ್ಲಿ ಉದ್ದ. ಆಗ ಹಿಂದಿನ ಗೀರು ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ನಡುವೆ ಲೈಟು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಸರಿಯಾಗಿ ಆಗಲೇ ಮನೆಯವರೆಲ್ಲ ನೋಡಲು ಬರುತ್ತಾರೆ. ಧೈರ್ಯಗೆಡಬೇಡಿ, 2000 ಮುಗಿಸಿ ಕಾಂಪೌಂಡ್ ಹಾಕಿದಾಗ ತಿಳಿಯಾಗುತ್ತದೆ. ಕೊನೆಗೆ ಬಿಸಿಲು ತಡೆಯುವ ಪಾರದರ್ಶಕ ಪದರ, ಅಂದರೆ ಯುವಿ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಟೂತ್‌ಪೇಸ್ಟ್ ವಿಡಿಯೋ ನಂಬಿ ಇದನ್ನು ಬಿಟ್ಟವರ ಲೈಟು ಅಂದೇ ಹೊಳೆದು, ಕೆಲವೇ ತಿಂಗಳಲ್ಲಿ ಮತ್ತೆ ಕಾಮಾಲೆಗೆ ಬೀಳುತ್ತದೆ.

ಒಳಗಿನ 60/55 ವ್ಯಾಟಿನ ಎಚ್4 ಬಲ್ಬು ಹಾಗೇ ಇರಲಿ. ಬೆಳಕನ್ನು ರಸ್ತೆಗೆ ತಿರುಗಿಸುವ ರಿಫ್ಲೆಕ್ಟರನ್ನು ಆ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಅಲ್ಲಿ ಅಗ್ಗದ ಎಲ್‌ಇಡಿ ಕೂರಿಸಿದರೆ ಬೆಳಕು ರಸ್ತೆ ಬಿಟ್ಟು ಎದುರಿನ ಆಟೋದವನ ಮುಖಕ್ಕೆ ಹೋಗುತ್ತದೆ, ಅವನ ಅಭಿಪ್ರಾಯ ನಿಮ್ಮ ಕಿವಿಗೆ ಬರುತ್ತದೆ.

ಬಂಪರಿಗೆ ಬಣ್ಣ ಬೇಕೇ? ಮಾರುತಿಯ ಬಣ್ಣದ ಕೋಡ್ ನೋಡಿ ಸ್ಪ್ರೇ ಡಬ್ಬ ಕೊಳ್ಳಿ. ಸುಪೀರಿಯರ್ ವೈಟ್‌ಗೆ 26ಯು, ಸಿಲ್ಕಿ ಸಿಲ್ವರ್‌ಗೆ ಝಡ್2ಎಸ್. 600ರ ಕಾಗದದಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು, 20–25 ಸೆಂ.ಮೀ. ದೂರದಿಂದ ತೆಳುವಾಗಿ ಮೂರು ಕೋಟ್, ಮೇಲೆ ಎರಡು ಕ್ಲಿಯರ್. ಪ್ರೈಮರ್ ತಪ್ಪಿಸಿದರೆ ಮೊದಲ ಪ್ರೆಷರ್ ವಾಶ್‌ಗೇ ಬಣ್ಣ ಹಾಳೆಯಾಗಿ ಏಳುತ್ತದೆ. ಮಳೆಗಾಲದ ತೇವಕ್ಕೆ ಬಿಳಿ ಮಬ್ಬು ಕೂರುವುದರಿಂದ ಬೇಸಿಗೆ ಒಳ್ಳೆಯದು. ಆದರೆ ಅದೇ ಟಬೆಬುಯಾ ಹೂ ಉದುರುವ ಕಾಲ, ಮರದಡಿ ಕೆಲಸ ಹಿಡಿದರೆ ಗುಲಾಬಿ ಬಣ್ಣದ ಎಸಳು ಕ್ಲಿಯರ್ ಕೋಟಿನೊಳಗೆ ಖಾಯಂ. ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ) ನಂಬರ್ ಪ್ಲೇಟನ್ನು ಬಿಚ್ಚಲು ಹೋಗಬೇಡಿ, ಸ್ನ್ಯಾಪ್ ಲಾಕ್ ಮುರಿಯದೆ ಬರುವುದಿಲ್ಲ. ಪ್ಲೇಟಿಗೇ ಪೇಪರ್ ಸುತ್ತಿ ಹೊಡೆಯಿರಿ. ಬಂಪರ್ ಹೊಸದಾದ ಕೂಡಲೇ ಪಕ್ಕದ ಬಾಗಿಲು ಇನ್ನೂ ಹಳತಾಗಿ ಕಾಣುವುದಕ್ಕೆ ಮದ್ದಿಲ್ಲ.

ಚಕ್ರದಲ್ಲಿ ಆಸೆಗಿಂತ ಲೆಕ್ಕ ಮುಖ್ಯ. 145/80 ಆರ್12 (ಅಂದರೆ 12 ಇಂಚಿನ ರಿಮ್) ಟೈರಿನ ಹೊರವ್ಯಾಸ ಸುಮಾರು 537 ಮಿ.ಮೀ., 155/65 ಆರ್13 ಆದರೆ 532. ಬಹುತೇಕ ಒಂದೇ. ಅಂಗಡಿಯವನು ‘ಆರ್14 ಸೂಪರಾಗಿ ಕೂರುತ್ತೆ ಸಾರ್’ ಅಂದರೆ 155/65ರಲ್ಲಿ ಅದು 557. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಸಾಧ್ಯತೆ ಹೆಚ್ಚು, ಮೀಟರೂ ವೇಗವನ್ನು ಕಡಿಮೆ ತೋರಿಸುತ್ತದೆ. ಅಲಾಯ್ ರಿಮ್‌ಗೆ ದುಡ್ಡಿಲ್ಲದಿದ್ದರೆ ಸ್ಟೀಲ್ ರಿಮ್‌ಗೇ ಕಪ್ಪು ಬಣ್ಣ ಬಳಿಯಿರಿ. ವೀಲ್ ಕವರ್ ಹಾಕುವವರು ಮೂರು ಕಡೆ ಕೇಬಲ್ ಟೈ ಬಿಗಿದರೆ ಅದು ರಿಂಗ್ ರೋಡಿನ ಗುಂಡಿಯ ಪಾಲಾಗುವುದು ತಪ್ಪುತ್ತದೆ.

ಟಚ್ ಸ್ಕ್ರೀನ್ ಹಾಕಿಸುವಾಗ ಹಳದಿ ವೈರು ಸದಾ ಕರೆಂಟಿರುವ ಲೈನಿಗೆ, ಕೆಂಪು ಕೀ ತಿರುಗಿಸಿದ ಮೇಲೆ ಬರುವ ಲೈನಿಗೆ ಹೋಗಿದೆಯೇ ನೋಡಿ. ಎರಡನ್ನೂ ಒಟ್ಟಿಗೆ ಸದಾ ಕರೆಂಟಿರುವ ಲೈನಿಗೇ ಸುತ್ತಿ ಕಳಿಸಿದರೆ ಸ್ಕ್ರೀನು ರಾತ್ರಿಯೆಲ್ಲ ಎಚ್ಚರವಿದ್ದು 35 ಆಂಪಿಯರ್-ಅವರ್ ಬ್ಯಾಟರಿ ಕುಡಿಯುತ್ತದೆ. ಸೋಮವಾರ ಬೆಳಿಗ್ಗೆ ಹೊಸ ರೂಪದ ಕಾರನ್ನು ಬೀದಿಯವರೆಲ್ಲ ಸೇರಿ ತಳ್ಳುತ್ತಾರೆ, ಅಲಂಕಾರವನ್ನು ಹತ್ತಿರದಿಂದ ನೋಡಲು ಅವರಿಗೂ ಅನುಕೂಲ.